ಗಾಳಿ ಜೋರಾದ್ರೆ ವಿಮಾನ ಯಾಕೆ ಲೇಟು?

ರಾತ್ರಿ ನಿದ್ದೆ ಬರ್ದೆ ಇದ್ರೆ ಫ್ಲೈಟ್ ಟ್ರ್ಯಾಕಿಂಗ್ ಆಪ್ ನೋಡ್ತಾ ಕೂರೋದು ನನ್ನ ಚಟ. ಮೊನ್ನೆ ಒಂದು ವಿಮಾನ ಇಳಿಯೋಕೆ ಜಾಗ ಸಿಗ್ದೆ ಮೇಲೇ ಸುತ್ತು ಹೊಡೀತಾನೇ ಇತ್ತು, ಪಾಪ.

ಇದಕ್ಕೆ ಎಷ್ಟೋ ಸಲ ಎದುರುಗಾಳಿನೇ ಕಾರಣ. ಮುಂದಿನ ವಿಮಾನ ಎಬ್ಬಿಸೋ ಸುಳಿಗಾಳಿಗೆ ಹಿಂದಿನದು ಸಿಕ್ಕಿಹಾಕೋಬಾರ್ದು ಅಂತ ನಡುವೆ ಇಷ್ಟು ಮೈಲಿ ಗ್ಯಾಪ್ ಇರ್ಲೇಬೇಕು, ಆದ್ರೆ ಎದುರುಗಾಳಿ ಜೋರಾದಾಗ ವಿಮಾನ ನೆಲದ ಲೆಕ್ಕದಲ್ಲಿ ನಿಧಾನ ಆಗುತ್ತೆ, ಅದೇ ಗ್ಯಾಪ್ ದಾಟೋಕೆ ಜಾಸ್ತಿ ಟೈಮ್ ಹಿಡಿಯುತ್ತೆ, ಹಿಂದೆ ಕ್ಯೂ ಬೆಳೀತಾ ಹೋಗುತ್ತೆ. ಲಂಡನ್ನಿನ ಹೀಥ್ರೂ ಏರ್‌ಪೋರ್ಟ್‌ನಲ್ಲಿ 2015ರಲ್ಲಿ ಮೈಲಿ ಬಿಟ್ಟು ಸೆಕೆಂಡ್ ಲೆಕ್ಕ ಹಿಡಿದ್ರು. ಸಾಫ್ಟ್‌ವೇರ್ ಗಾಳಿಯ ಡೇಟಾ ನೋಡ್ಕೊಂಡು ಎಷ್ಟು ಗ್ಯಾಪ್ ಸಾಕು ಅಂತ ವಿಮಾನಗಳಿಗೆ ನೆಲದಿಂದ ದಾರಿ ಹೇಳೋ ಕಂಟ್ರೋಲರ್‌ನ ಸ್ಕ್ರೀನಲ್ಲೇ ಗುರುತು ಹಾಕುತ್ತೆ. ಜೋರು ಗಾಳಿಗೆ ಸುಳಿ ಬೇಗ ಚದುರಿ ಹೋಗುತ್ತಲ್ಲ, ಹಾಗಾಗಿ ಸ್ವಲ್ಪ ಹತ್ರ ಬಂದ್ರೂ ಸೇಫ್. ಎಂಥಾ ಸಿಂಪಲ್ ಐಡಿಯಾ ನೋಡಿ!

ಮಷೀನ್ ಲರ್ನಿಂಗ್‌ಗೂ ಇಲ್ಲಿ ಕೆಲ್ಸ ಇದೆ, ಇಳಿದ ವಿಮಾನ ರನ್‌ವೇ ಬಿಡೋಕೆ ಎಷ್ಟು ಸೆಕೆಂಡ್ ತಗೊಳ್ಳುತ್ತೆ ಅಂತ ಹಳೇ ಡೇಟಾದಿಂದ ಊಹಿಸೋದು. ಆದ್ರೆ ಅಪರೂಪದ ಎಮರ್ಜೆನ್ಸಿಗಳು ಡೇಟಾದಲ್ಲೂ ಅಪರೂಪವೇ, ಅಲ್ಲಿ ಮಾಡೆಲ್ ತಡವರಿಸ್ಬಹುದು. ಅಂಥ ಹೊತ್ತಲ್ಲಿ ಮೈಕ್ ಹಿಡಿದ ಕಂಟ್ರೋಲರ್ ಮೇಲೇನೇ ನಂಗೆ ನಂಬ್ಕೆ.