ದಾಬಸ್‌ಪೇಟೆ ಹತ್ರ ಒಂದು ಹೊಂಗೆ ಮರ

ನಾನು ಕರಿಯ. ರಾಜಾಜಿನಗರದಲ್ಲಿ ನಮ್ಮನೆ, ವಯಸ್ಸು ಎಂಟು, ನಾಡು ನಾಯಿ, ಮೂಗಿಂದ ಬಾಲದ ತುದಿವರೆಗೂ ಕಪ್ಪು. ಏಪ್ರಿಲ್ ಬಿಸಿಲಲ್ಲಿ ಕಪ್ಪು ಮೈ ಅಂದ್ರೆ ಏನು ಅಂತ ಕಪ್ಪು ನಾಯಿನೇ ಹೇಳ್ಬೇಕು. ಹಿರಿಯೂರು ಹತ್ರದ ಮಾರಿಕಣಿವೆ ಅಣೆಕಟ್ಟಿಗೆ ಹೋಗೋಣ ಅಂತ ನಮ್ಮೋರು ರಾತ್ರಿ ಒಳಗೇ ಮಲಗೋಕಾಗೋ ಮೋಟರ್‌ಹೋಮ್ ಬಾಡಿಗೆಗೆ ತಗೊಂಡಿದ್ದೇ ನನಗೋಸ್ಕರ, ಯಾಕಂದ್ರೆ ಲಾಡ್ಜ್‌ನೋರು ನಾಯಿ ಅಂದ ತಕ್ಷಣ ಫೋನ್ ಇಡ್ತಿದ್ರು, ನನ್ನ ಬಿಟ್ಟೋಗಕ್ಕೆ ಪುಟ್ಟಿ ಒಪ್ಪಲಿಲ್ಲ.

ಬೆಳಗ್ಗೆ ಐದಕ್ಕೆ ಹೊರಡ್ಬೇಕಿತ್ತು, ಹೊರಟಿದ್ದು ಹತ್ತೂವರೆಗೆ. ಗೊರಗುಂಟೆಪಾಳ್ಯ ದಾಟೋಷ್ಟ್ರಲ್ಲೇ ಮುಕ್ಕಾಲು ಗಂಟೆ. ಸೀಟಲ್ಲಿ ಕೂತೋರಿಗೆ ಎಸಿ ಗಾಳಿ ಮುಖಕ್ಕೇ ಬೀಳುತ್ತೆ, ನಾನು ಮಲಗೋದು ನೆಲದ ಮೇಲಲ್ವಾ, ಕೆಳಗಿಂದ ಟಾರಿನ ಕಾವು ಹೊಟ್ಟೆಗೇ ಹೊಡೀತಿತ್ತು. ಬಾಗಿಲ ಸಂದೀಲಿ ಚೂರು ಗಾಳಿ ಬರ್ತಿತ್ತು, ಅಲ್ಲೇ ಮೂಗಿಟ್ಕೊಂಡು ಮಲಗಿದೆ. ಯಶವಂತಪುರ ಅಂದ್ರೆ ನನಗೆ ಈರುಳ್ಳಿ, ಪೀಣ್ಯ ಅಂದ್ರೆ ಸುಟ್ಟ ಕಬ್ಬಿಣ ಮತ್ತೆ ಆಯಿಲ್, ನೆಲಮಂಗಲ ದಾಟಿದ್ಮೇಲೆ ಬರೀ ಒಣಮಣ್ಣು. ಒಣಮಣ್ಣಿನ ವಾಸನೆ ಬಂದ್ರೆ ಊರು ಬಿಟ್ವಿ ಅಂತ ಲೆಕ್ಕ, ಆ ವಾಸನೆ ನನಗೆ ತುಂಬಾ ಇಷ್ಟ.

ದಾಬಸ್‌ಪೇಟೆ ಹತ್ರ ಒಂದು ಹೋಟ್ಲು ಮುಂದೆ ನಿಲ್ಲಿಸಿದ್ರು, ಎಡಗಡೆ ಶಿವಗಂಗೆ ಬೆಟ್ಟ ಕಾಣ್ತಿತ್ತು. ಅಜ್ಜಿಗೆ ಮಾತ್ರೆ ತಗೊಳ್ಳೋ ಹೊತ್ತು, ಪುಟ್ಟಿಗೆ ಹಸಿವು. ಒಳಗೆ ನಾಯಿ ಬಿಡಲ್ಲ. ಗಾಡಿ ಕೊಟ್ಟೋರು 'ಎಂಜಿನ್ ಆಫ್ ಮಾಡಿದ್ರೂ ಬ್ಯಾಟರೀಲಿ ಎಸಿ ಎರಡು ಗಂಟೆ ಓಡುತ್ತೆ ಸರ್' ಅಂತ ಹೇಳಿದ್ರಂತೆ, ಅಪ್ಪ ಅದನ್ನ ನಂಬಿ ನನಗೆ ಒಂದು ಬಟ್ಲು ನೀರಿಟ್ಟು ಬಾಗಿಲು ಹಾಕ್ಕೊಂಡು ಹೋದ್ರು. ಸ್ವಲ್ಪ ಹೊತ್ತಿಗೇ ಟಿಕ್ ಅಂತು ಅಷ್ಟೇ, ಎಸಿ ನಿಂತೋಯ್ತು.

ಆಮೇಲಿನದು ಬರೆಯೋಕೂ ಕಷ್ಟ. ರೆಕ್ಸಿನ್ ವಾಸನೆ ಏರ್ತಾ ಹೋಯ್ತು. ನೀರು ಕುಡಿದೆ, ಬಟ್ಲು ಖಾಲಿ. ನಮಗೆ ಮನುಷ್ಯರ ಥರ ಮೈಯೆಲ್ಲಾ ಬೆವರಲ್ಲ, ಅಂಗಾಲಲ್ಲಿ ಒಂಚೂರು ಅಷ್ಟೇ, ಮಿಕ್ಕಿದ್ದೆಲ್ಲಾ ನಾಲಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ತಣಿಬೇಕು, ಒಳಗಿನ ಗಾಳಿನೇ ಬಿಸಿಯಾದ್ರೆ ಎಷ್ಟು ಏದುಸಿರು ಬಿಟ್ರೂ ಪ್ರಯೋಜನ ಇಲ್ಲ. ಬೊಗಳೋಣ ಅಂದ್ರೆ ಉಸಿರು ಸಾಲ್ಲಿಲ್ಲ. ಕಿಟಕಿಗೆ ಮುಖ ಒತ್ತಿ ನಿಂತೆ.

ಆಗ ಕುರಿ ವಾಸನೆ ಬಂತು. ಹೆಗಲ ಮೇಲೆ ಕಂಬಳಿ, ಕೈಲಿ ಕೋಲು, ಒಬ್ಬ ತಾತ ಕಿಟಕಿ ಹತ್ರನೇ ಬಂದು ನನ್ನ ನಾಲಗೆ ನೋಡ್ದ. ಹೋಟ್ಲು ಕಡೆ ತಿರುಗಿ ಕೂಗ್ದ ನೋಡಿ, 'ಯಾರ್ದು ಸ್ವಾಮಿ ಈ ಗಾಡಿ, ನಾಯಿ ಸಾಯ್ತೈತೆ ಬರ್ರೋ!' ಅಪ್ಪ ಎಂಜಲು ಕೈಲೇ ಓಡಿ ಬಂದ್ರು.

ಹೊಲದ ಬದೀಲಿ ಹೊಂಗೆ ಮರ ಇತ್ತು, ಹೊಸ ಚಿಗುರು, ತುಂಬಾ ಹೂವು. ಅಪ್ಪ ನನ್ನ ಎತ್ಕೊಂಡು ಅಲ್ಲಿಗೆ ತಂದ್ರು. ತಾತ ಮೊದಲು ನೆಲಕ್ಕೆ ನೀರು ಚೆಲ್ಲಿ, ಮೇಲಿನ ಬಿಸಿಮಣ್ಣು ಕೈಯಲ್ಲಿ ಗೋರಿ ತೆಗೆದು, ಮತ್ತೆ ಚೆಲ್ಲಿ, ಆ ತಂಪಲ್ಲಿ ನನ್ನ ಮಲಗಿಸ್ದ. ಪುಟ್ಟಿ ಟವೆಲ್ ಒದ್ದೆ ಮಾಡಿ ಹೊದಿಸೋಕೆ ಬಂದ್ಲು.

'ಹೊದಿಸ್ಬ್ಯಾಡ ಮಗ, ಕಾವು ಒಳಗೇ ಕುಂತ್ಕತದೆ. ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ನೀರು ಹಾಕು. ಗಾಳಿ ಬೀಸು.'

ಪುಟ್ಟಿ ನೋಟ್‌ಬುಕ್ಕಲ್ಲಿ ಬೀಸಿದ್ಲು. ಹೊಂಗೆ ನೆರಳು ತಾಯಿ ಮಡಿಲು ಅಂತ ಅಜ್ಜಿ ಯಾವಾಗ್ಲೂ ಹೇಳ್ತಾರೆ, ಅವತ್ತು ನನ್ನ ಹೊಟ್ಟೆಗೆ ಗೊತ್ತಾಯ್ತು.

ಅಪ್ಪ ಅಲ್ಲೇ ಮಣ್ಣಲ್ಲಿ ಕೂತ್ರು. 'ಎಸಿ ಇತ್ತು ಯಜಮಾನ್ರೇ, ಹಾಕೇ ಹೋಗಿದ್ದೆ' ಅಂದ್ರು, ದನಿ ನಡುಗ್ತಿತ್ತು.

'ಮಿಷಿನ್ ನಂಬಬೌದು ಸ್ವಾಮಿ, ಕಾಯ್ಕಂಡ್ ಕುಂತ್ರೆ. ನಾನೂರು ಕುರಿ ಐತೆ ನಂದು, ಒಂದಿನಾನೂ ಕಣ್ಮರೆ ಮಾಡಿಲ್ಲ.'

ತಾತ ಸಿರಾ ಕಡೆಯೋನು. ಬೇಸಿಗೇಲಿ ಅಲ್ಲಿ ಮೇವು ಇರಲ್ಲ, ಮಂದೆ ಹೊಡ್ಕೊಂಡು ಈ ಕಡೆ ಬರ್ತಾನೆ, ರಾತ್ರಿ ಯಾರದಾದ್ರೂ ಹೊಲದಲ್ಲಿ ಮಂದೆ ನಿಲ್ಲಿಸ್ತಾನೆ, ಗೊಬ್ಬರ ಬೀಳುತ್ತೆ ಅಂತ ಹೊಲದೋರು ಕಾಳೋ ದುಡ್ಡೋ ಕೊಡ್ತಾರೆ. ಅಮ್ಮ ಐನೂರರ ನೋಟು ಹಿಡಿದ್ರೆ ಮುಟ್ಟಲಿಲ್ಲ. 'ನಾಯಿಗೆ ನೀರು ಹಾಕಿದ್ಕೆ ಕಾಸಾ ತಾಯಿ?' ಅಂದ. ಅವನ ನಾಯಿ, ಕಂದು ಬಣ್ಣದ್ದು, ಒಂದು ಕಿವಿ ಹರಿದಿತ್ತು, ನನ್ನ ಪಕ್ಕ ಬಂದು ಬೆನ್ನಿಗೆ ಬೆನ್ನು ಕೊಟ್ಟು ಮಲಗ್ತು. ಬಿಸಿಲು ಇಳಿಯೋವರೆಗೂ ನಾವು ಹಂಗೇ ಇದ್ವಿ.

ಡಾಕ್ಟ್ರು ಫೋನಲ್ಲಿ ಹೇಳಿದ್ದನ್ನ ಬರೀತೀನಿ, ದಯವಿಟ್ಟು ಓದಿ. ನಮ್ಮ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಚಿಲ್ಲರೆ, 41 ದಾಟಿದ್ರೆ ಪ್ರಾಣಕ್ಕೇ ಅಪಾಯ. ಬಿಸಿಲಲ್ಲಿ ನಿಂತ ಕಾರೊಳಗೆ ಬರೀ 10 ನಿಮಿಷಕ್ಕೆ ಹತ್ತು ಡಿಗ್ರಿ ಏರಬಹುದು, ಕಿಟಕಿ ಒಂಚೂರು ಇಳಿಸಿದ್ರೂ ಅಷ್ಟೇ. ಗಾಡಿ ಬಾಡಿಗೆಗೆ ತಗೊಳ್ಳೋ ದಿನಾನೇ ಎಂಜಿನ್ ಆಫ್ ಮಾಡಿಸಿ, ಗಡಿಯಾರ ಹಿಡಿದು ನೋಡಿ ಎಸಿ ಎಷ್ಟೊತ್ತು ಓಡುತ್ತೆ ಅಂತ, ಬಾಯಿಮಾತು ನಂಬಬೇಡಿ. ಊಟಕ್ಕೆ ಸರದಿ ಮೇಲೆ ಹೋಗಿ. ಟಾರು ಮೇಲೆ ನಡೆಸೋ ಮುಂಚೆ ಅಂಗೈ ಹಿಂಭಾಗ ಇಟ್ಟು ನೋಡಿ, ಏಳು ಸೆಕೆಂಡ್ ತಡ್ಕೊಳ್ಳೋಕಾಗ್ದೇ ಇದ್ರೆ ನಮಗೂ ಆಗಲ್ಲ.

ಮಾರಿಕಣಿವೇಲಿ ಎರಡು ದಿನ ಇದ್ವಿ. ವಾಣಿವಿಲಾಸ ಸಾಗರ ಅಂತ ಬೋರ್ಡು, 1907ರಲ್ಲಿ ಮುಗಿದ ಅಣೆಕಟ್ಟಂತೆ, 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ 2022ರಲ್ಲೇ ಅಂತ ಅಪ್ಪ ಹೇಳ್ತಿದ್ರು. ನೀರು ಚೆನ್ನಾಗಿತ್ತು.

ವಾಪಸ್ ಬರ್ತಾ ಅದೇ ಮರದ ಹತ್ರ ನಿಲ್ಲಿಸಿದ್ರು, ತಾತನಿಗೆ ಅಂತ ಅಮ್ಮ ಒಂದು ಹೊಸ ಟಾರ್ಚು, ಅವನ ನಾಯಿಗೆ ಬಿಸ್ಕೆಟ್ಟು ತಂದಿದ್ರು. ಮಂದೆ ಹೊರಟೋಗಿತ್ತು. ಹೊಲದ ತುಂಬಾ ಕುರಿ ಹಿಕ್ಕೆ, ಮರದ ಕೆಳಗೆ ಉದುರಿದ ಹೊಂಗೆ ಹೂವು. ಪುಟ್ಟಿ ಮೊದಲು ನೆಲ ಮುಟ್ಟಿ ನೋಡಿದ್ಲು, ಆಮೇಲೆ ನನ್ನ ಇಳಿಸಿದ್ಲು. ನಾವು ಮಲಗಿದ್ದ ಗುಂಡಿ ಹಂಗೇ ಇತ್ತು, ಹರಿದ ಕಿವಿಯೋನ ವಾಸನೆನೂ ಇತ್ತು. ಅಮ್ಮ ಕರೆಯೋವರೆಗೂ ಅಲ್ಲೇ ಮೂಗಿಟ್ಕೊಂಡು ಮಲಗಿದ್ದೆ.