ಪುನರ್ವಸು ಮಳೆಯಲ್ಲಿ ಪಟ್ಟಿ ಕೀಸಿದ್ದು

ಜುಲೈನಲ್ಲಿ ತೀರ್ಥಹಳ್ಳಿ ಕಡೆ ಮರಗೆಲಸ ಇಟ್ಟುಕೊಂಡರೆ ಕರೆಂಟ್ ನಂಬಬಾರದು. ನಮ್ಮ ಪುಸ್ತಕದ ಕಪಾಟಿನ ಕೆಲಸಕ್ಕೆ ಆಚಾರ್ರು ತಂದಿದ್ದ, ಅಂಚು ಸಮ ಮಾಡುವ ಟ್ರಿಮ್ಮರ್ ಮಷಿನ್ ಚೀಲದಲ್ಲೇ ಉಳಿಯಿತು. ಹೊರಗೆ ಪುನರ್ವಸು ಮಳೆ.

ಹಲಗೆ 19 ಎಂಎಂ ಪ್ಲೈವುಡ್, ಮೇಲೆ ಸಾಗುವಾನಿ ವೆನೀರ್, ಅಂದರೆ ಅಂಟಿಸಿದ ತೆಳು ಮರದ ಹಾಳೆ. ಅಂಚಿನಲ್ಲಿ ಪ್ಲೈ ಪದರ ಕಾಣಬಾರದು ಅಂತ ಗಟ್ಟಿ ಸಾಗುವಾನಿ ಪಟ್ಟಿ. ಹಳೇ ಮನೆಯ ಕಿಟಕಿ ಚೌಕಟ್ಟು ಸೀಳಿಸಿ ಮಾಡಿದ್ದು. ಪಟ್ಟಿಯನ್ನು ಹಲಗೆಗಿಂತ ಚೂರು ದಪ್ಪ ಇಟ್ಟು ಅಂಟಿಸಿ, ಆಮೇಲೆ ವೆನೀರಿಗೆ ಸಮ ಮಾಡಬೇಕು. ಕಷ್ಟ ಇರುವುದು ಇಲ್ಲೇ. ವೆನೀರ್ ಅರ್ಧ ಎಂಎಂ ಇದ್ದರೆ ಹೆಚ್ಚು. ಉಜ್ಜುಗೊರಡು ಒಂದು ಸಲ ಜಾಸ್ತಿ ಓಡಿದರೆ ಕೆಳಗಿನ ಪ್ಲೈ ಬಿಳಿಚಿಕೊಂಡು ಇಣುಕುತ್ತದೆ. ಪಾಲಿಶ್ ಹಾಕಿದರೂ ಮುಚ್ಚಲ್ಲ.

ಅಂಟಿಸಿದ ಮಾರನೇ ದಿನವೇ ಕೀಸೋಣವಾ ಅಂದೆ.

"ಅವಸರ ಮಾಡ್ಬೇಡಿ ಮಾರಾಯ್ರೆ. ಅಂಟಿನ ನೀರು ಇನ್ನೂ ಮರದೊಳಗೇ ಇದೆ."

ಬಿಳಿ ಅಂಟಿನ ನೀರು ಕುಡಿದು ಜಾಯಿಂಟ್ ಹತ್ತಿರ ಮರ ಉಬ್ಬಿರುತ್ತದೆ. ಆಗಲೇ ಸಮ ಮಾಡಿದರೆ, ಒಣಗಿದ ಮೇಲೆ ಉದ್ದಕ್ಕೂ ಸಣ್ಣ ತಗ್ಗು ಬೀಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎಷ್ಟು ದಿನ ಕಾಯಬೇಕು ಅಂತ ಅಂಟಿನ ಡಬ್ಬದ ಮೇಲೆ ಬರೆದಿರಲ್ಲ ನೋಡಿ. ಬಚ್ಚಲ ಒಲೆಯ ಪಕ್ಕದ ಕೋಣೆಯಲ್ಲಿ ಹಲಗೆಗಳು ಗೋಡೆಗೆ ಒರಗಿಕೊಂಡು ಕೂತವು.

ಕೀಸುವ ದಿನ ಆಚಾರ್ರು ಮೊದಲು ಪೆನ್ಸಿಲ್ ತೆಗೆದರು. ವೆನೀರ್ ಮೇಲೆ, ಪಟ್ಟಿಯ ಮಗ್ಗುಲಲ್ಲೇ, ಸಣ್ಣ ಮಕ್ಕಳು ಗೋಡೆಗೆ ಗೀಚುವ ಹಾಗೆ ಗೀಚುತ್ತಾ ಹೋದರು. ಚಿಕ್ಕ ಗೊರಡಿನ ತಳದಲ್ಲಿ ಒಂದು ಬದಿಗೆ ಮಾತ್ರ ಸೆಲ್ಲೋ ಟೇಪ್ ಸುತ್ತಿದರು. ಟೇಪ್ ಇರುವ ಬದಿ ವೆನೀರ್ ಮೇಲೆ ಸುಮ್ನೆ ಜಾರುತ್ತದೆ, ಅಲಗು ಪಟ್ಟಿಯನ್ನಷ್ಟೇ ಕೀಸುತ್ತದೆ. ಹೆಚ್ಚುಕಮ್ಮಿ ಟೇಪಿನ ದಪ್ಪ ಉಳಿದಾಗ ಸಿಪ್ಪೆ ಬರುವುದು ತಾನೇ ನಿಲ್ಲುತ್ತದೆ. ಈ ಉಪಾಯ ಯಾರು ಕಂಡುಹಿಡಿದರೋ, ಅವರಿಗೆ ಒಂದು ನಮಸ್ಕಾರ.

ಆಮೇಲೆ ಟೇಪ್ ಕಿತ್ತು, ಅಲಗು ಒಳಗೆಳೆದು, ಗೊರಡನ್ನು ಓರೆ ಹಿಡಿದು ತೆಳ್ಳಗೆ ಕೀಸಿದರು. ಹಳೇ ಕಿಟಕಿ ಮರ ಅಲ್ವಾ, ನಾರು ಒಂದೇ ದಿಕ್ಕಿಗೆ ಇರಲಿಲ್ಲ. ಸಿಬಿರು ಏಳುವ ಕಡೆ ತಿರುಗಿ ನಿಂತು ಎದುರಿನಿಂದ ತಳ್ಳಿದರು. ಕೊನೆಗೆ ಸ್ಕ್ರೇಪರ್. ಉಕ್ಕಿನ ತಗಡು ಅಷ್ಟೇ, ಎರಡೂ ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿದರೆ ಈರುಳ್ಳಿ ಸಿಪ್ಪೆಗಿಂತ ತೆಳು ಕೀಸು ಬರುತ್ತದೆ. ಪೆನ್ಸಿಲ್ ಗೀಚು ಮಾಸತೊಡಗಿತೋ, ಕೈ ನಿಲ್ಲಬೇಕು.

ಇದಕ್ಕೆಲ್ಲ ಸ್ಯಾಂಡ್ ಪೇಪರ್ ಸಾಕು ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಪೇಪರಿಗೆ ಪಟ್ಟಿಯೂ ಒಂದೇ, ವೆನೀರೂ ಒಂದೇ.

ಹಲಗೆಗಳ ಕೆಳಮುಖ ನನಗೆ ಬಿಟ್ಟುಕೊಟ್ಟರು. ಕಪಾಟು ನಿಂತ ಮೇಲೆ ಅದು ಯಾರಿಗೂ ಕಾಣಲ್ಲ. ಅದಕ್ಕೇ ಕೊಟ್ಟಿದ್ದು ಅಂತ ನನಗೂ ಗೊತ್ತಿತ್ತು.