ಟೆಕ್ಸಸ್‌ನಿಂದ ಪಿಟ್ಸ್‌ಬರ್ಗ್ ದೇವಸ್ಥಾನಕ್ಕೆ ಕಾರಿನಲ್ಲಿ: ಜೊತೆಗೆ ಪಿಸ್ತೂಲು ಇದ್ದರೆ ಗಮನಿಸಬೇಕಾದ್ದು

ಡಲ್ಲಾಸ್‌ನಿಂದ ಪಿಟ್ಸ್‌ಬರ್ಗ್‌ನ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನಕ್ಕೆ ಮನೆಮಂದಿಯೆಲ್ಲ ಕಾರಿನಲ್ಲಿ ಹೋಗಿಬಂದೆವು. ದಾರಿ, ಹೋಟೆಲ್, ಊಟದ ವಿಷಯ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಬರೆಯುತ್ತಿರುವುದು ಟೆಕ್ಸಸ್‌ನ ಕ್ಯಾರಿ ಲೈಸೆನ್ಸ್ (ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಲು ಕೊಡುವ ಪರವಾನಗಿ, ಇದನ್ನೇ ಪರ್ಮಿಟ್ ಅಂತಲೂ ಅನ್ನುತ್ತಾರೆ) ಇಟ್ಟುಕೊಂಡು, ಪಿಸ್ತೂಲನ್ನೂ ಜೊತೆಗೆ ಒಯ್ಯಬೇಕು ಅಂದುಕೊಂಡಿರುವವರಿಗೆ.

ನಾನು ಕೊಡಗಿನವನು. ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಅಂಥ ಊರಿನಿಂದ ಬಂದವರಿಗೆ ಅಮೆರಿಕದ ಲೆಕ್ಕ ಮೊದಲಿಗೆ ತಲೆಗೆ ಹೋಗುವುದಿಲ್ಲ. ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಒಂದು ರಾಜ್ಯದ್ದಾದರೆ ಐವತ್ತರಲ್ಲೂ ನಡೆಯುತ್ತದೆ. ಕ್ಯಾರಿ ಪರ್ಮಿಟ್ ಹಾಗಲ್ಲ. ಯಾರ ಪರ್ಮಿಟ್ಟನ್ನು ಒಪ್ಪಬೇಕು ಅನ್ನುವುದನ್ನು ಪ್ರತಿ ರಾಜ್ಯವೂ ತಾನೇ ತೀರ್ಮಾನಿಸುತ್ತದೆ. ಎಲ್ಲ ಕಡೆ ಒಪ್ಪಲೇಬೇಕು ಅನ್ನುವ ಮಸೂದೆ 2017ರ ಡಿಸೆಂಬರ್‌ನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಪಾಸಾಯಿತು, ಸೆನೆಟ್‌ನಲ್ಲಿ ಮುಂದೆ ಹೋಗಲಿಲ್ಲ.

2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ 21 ತುಂಬಿದ ಅರ್ಹರಿಗೆ ಪರ್ಮಿಟ್ಟೇ ಬೇಡ, ಹಾಗಾದರೆ ಲೈಸೆನ್ಸ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಈ ಪ್ರಯಾಣವೇ ಅದಕ್ಕೆ ಉತ್ತರ. ಒಕ್ಲಹೋಮಾ, ಮಿಸೌರಿ, ಇಂಡಿಯಾನಾ, ಒಹಾಯೊ, ಮಧ್ಯೆ ಸಿಗುವ ವೆಸ್ಟ್ ವರ್ಜೀನಿಯಾದ ಚೂರು, ಇಲ್ಲೆಲ್ಲ ಪರ್ಮಿಟ್ ಇಲ್ಲದೆಯೂ ನಡೆಯುತ್ತದೆ. ಕೊನೆಗೆ ಬರುವ ಪೆನ್ಸಿಲ್ವೇನಿಯಾದಲ್ಲಿ ಕಾರಿನೊಳಗೆ ಲೋಡ್ ಮಾಡಿಟ್ಟುಕೊಳ್ಳಲೂ ಪರ್ಮಿಟ್ ಬೇಕು. ಅಲ್ಲಿ ಟೆಕ್ಸಸ್‌ನ ಲೈಸೆನ್ಸ್ ಒಪ್ಪುತ್ತಾರೆ. ಆ ಒಂದು ಕಾರ್ಡ್‌ಗಾಗಿಯಾದರೂ ಕ್ಲಾಸ್‌ಗೆ ಹೋಗಿ ಲೈಸೆನ್ಸ್ ಮಾಡಿಸಿಕೊಳ್ಳಿ.

ನಡುವೆ ಇರುವ ಇಲಿನಾಯ್ ಬೇರೆಯೇ. ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ನದಿ ದಾಟಿದ ಕೂಡಲೇ ನಿಮ್ಮ ಪರ್ಮಿಟ್‌ಗೆ ಬೆಲೆ ಇಲ್ಲ. ಆ ರಾಜ್ಯ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಒಪ್ಪುವುದಿಲ್ಲ. ನಿಮ್ಮ ಸ್ವಂತ ರಾಜ್ಯದಲ್ಲಿ ಕ್ಯಾರಿ ಮಾಡಲು ಅರ್ಹತೆ ಇದ್ದರೆ ಕಾರಿನೊಳಗೆ ಇಟ್ಟುಕೊಂಡು ಹೋಗಲು ಅಲ್ಲಿನ ಕಾನೂನು ಬಿಡುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ರೋಲ್ ಬಂಕ್‌ನಲ್ಲಿ ಇಳಿಯುವ ಹಾಗಿಲ್ಲ. ಕಾರ್ ಬಿಟ್ಟು ಹೋಗುವಾಗ ಕಣ್ಣಿಗೆ ಬೀಳದ ಹಾಗೆ ಒಳಗೇ ಇಟ್ಟು ಲಾಕ್ ಮಾಡಬೇಕು.

ನಾವು ಅಷ್ಟು ಸೂಕ್ಷ್ಮಕ್ಕೂ ಹೋಗಲಿಲ್ಲ. ಸೇಂಟ್ ಲೂಯಿಸ್‌ನ ಹೋಟೆಲ್ ರೂಮಿನಲ್ಲೇ, ಬಾಗಿಲು ಹಾಕಿಕೊಂಡು, ಮ್ಯಾಗಜೀನ್ (ಗುಂಡು ತುಂಬಿಡುವ ಭಾಗ) ತೆಗೆದು, ಪಿಸ್ತೂಲಿನ ಮೇಲಿನ ಸ್ಲೈಡ್ ಹಿಂದಕ್ಕೆಳೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿದೆ. ಗಟ್ಟಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಗುಂಡುಗಳು ಬೇರೆ ಡಬ್ಬಿಯಲ್ಲಿ. ಎರಡೂ ಡಿಕ್ಕಿಗೆ. ಈ ಕೆಲಸವನ್ನು ಗ್ಯಾಸ್ ಸ್ಟೇಷನ್‌ನಲ್ಲೋ ರೆಸ್ಟ್ ಏರಿಯಾದಲ್ಲೋ ಮಾತ್ರ ಮಾಡಬೇಡಿ. ನೋಡಿದವರು ಪೊಲೀಸರಿಗೆ ಫೋನ್ ಮಾಡಿದರೆ ತಪ್ಪು ಅವರದ್ದಲ್ಲ.

1986ರ ಫೆಡರಲ್ ಕಾನೂನು, ಅಂದರೆ ಇಡೀ ದೇಶದ ಕಾನೂನು, ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹೊರಟ ಜಾಗ, ತಲುಪುವ ಜಾಗ ಎರಡರಲ್ಲೂ ಆ ಗನ್ ನಿಮ್ಮ ಹತ್ತಿರ ಇರುವುದು, ನೀವು ಅದನ್ನು ಕ್ಯಾರಿ ಮಾಡುವುದು ಕಾನೂನುಬದ್ಧವಾಗಿರಬೇಕು. ಅನ್‌ಲೋಡ್ ಆಗಿರಬೇಕು. ಗನ್ ಆಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಸಿಗಬಾರದು. ಹಾಗಿದ್ದರೆ ಮಧ್ಯದ ರಾಜ್ಯದಲ್ಲಿ ಹಾದುಹೋಗಬಹುದು. ಎಸ್‌ಯುವಿಗೆ ಬೇರೆ ಡಿಕ್ಕಿ ಇರುವುದಿಲ್ಲ ಅಲ್ವಾ? ಅಂಥವರಿಗೆ ಬೀಗ ಹಾಕಿದ ಪೆಟ್ಟಿಗೆಯೇ ಬೇಕು. ಗ್ಲವ್ ಬಾಕ್ಸ್, ಸೀಟಿನ ಮಧ್ಯದ ಕನ್ಸೋಲ್ ಎರಡೂ ಲೆಕ್ಕಕ್ಕಿಲ್ಲ.

ಸೇಂಟ್ ಲೂಯಿಸ್‌ನಲ್ಲಿ ಆರ್ಚ್ (ನದಿ ದಡದಲ್ಲಿರುವ ದೊಡ್ಡ ಕಮಾನಿನ ಸ್ಮಾರಕ) ನೋಡುವವರಿಗೆ ಒಂದು ಮಾತು. ಅದು ನ್ಯಾಷನಲ್ ಪಾರ್ಕ್, ಒಳಗೆ ಹೋಗಲು ಏರ್‌ಪೋರ್ಟ್ ಥರ ತಪಾಸಣೆ ಇದೆ. ಫೆಡರಲ್ ಕಟ್ಟಡದೊಳಗೆ ಯಾವ ರಾಜ್ಯದ ಪರ್ಮಿಟ್ಟೂ ನಡೆಯುವುದಿಲ್ಲ. ಸೀಟಿನ ಕೆಳಗಿನ ಕಂಬಿಗೆ ಸ್ಟೀಲ್ ಕೇಬಲ್‌ನಿಂದ ಕಟ್ಟುವ ಲಾಕ್‌ಬಾಕ್ಸ್ ಇಂಥ ಕಡೆ ಬಹಳ ಉಪಯೋಗಕ್ಕೆ ಬರುತ್ತದೆ. ದೇವಸ್ಥಾನಕ್ಕೆ ಹೋದಾಗಲೂ ನಾನು ಹಾಗೇ ಇಟ್ಟು ಹೋದೆ. ಯಾವ ಕಾನೂನು ಏನೇ ಹೇಳಲಿ, ವೆಂಕಟರಮಣನ ಎದುರು ಅದು ಬೇಡ ಅನ್ನುವುದು ನಮ್ಮ ಮನೆಯವರ ಮಾತು. ನನ್ನದೂ ಅದೇ.

ಈಗ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ತಡೆಯುತ್ತದೆ. ಹಂಟಿಂಗ್ ಲೈಸೆನ್ಸ್ ಇರುವವರಿಗೆ ಇರುವಂಥ ಕೆಲವು ವಿನಾಯಿತಿ ಬಿಟ್ಟರೆ ಬೇರೆ ದಾರಿ ಇಲ್ಲ. ನಮ್ಮ ಜೊತೆ ಬಂದ ಭಾವಮೈದುನ ಎಚ್-1ಬಿಯಲ್ಲಿದ್ದಾನೆ. ಅದಕ್ಕೇ ಅವನು ಕಾರಿನಲ್ಲಿದ್ದಷ್ಟು ಹೊತ್ತೂ, ಮಿಸೌರಿಯಲ್ಲೂ ಸಹ, ಪಿಸ್ತೂಲು ಪೆಟ್ಟಿಗೆಯಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ‘ಭಾವ, ಒಂದ್ಸಲ ಕೈಯಲ್ಲಿ ಹಿಡಿದು ನೋಡ್ಲಾ’ ಅಂತ ಕೇಳಿದ. ಬೇಡ ಅಂದೆ. ನ್ಯೂಯಾರ್ಕ್‌ನಲ್ಲಂತೂ ಕಾರಿನಲ್ಲಿ ಅಕ್ರಮ ಗನ್ ಸಿಕ್ಕರೆ ಒಳಗಿದ್ದವರೆಲ್ಲರ ಹತ್ತಿರವೂ ಅದು ಇತ್ತು ಅಂತಲೇ ಕಾನೂನು ಊಹಿಸಬಹುದು. ಗನ್ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ವಾಪಸ್ ಕಳಿಸಬಹುದು. ಊರಿಂದ ಬಂದ ಅಪ್ಪ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುವವರು ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಗನ್ ಇದೆ ಅಂತ ಕೆಲವು ರಾಜ್ಯಗಳಲ್ಲಿ ನೀವೇ ಮೊದಲು ಹೇಳಬೇಕು, ಒಹಾಯೊದಲ್ಲಿ 2022ರಿಂದ ಕೇಳಿದರೆ ಹೇಳಿದರೆ ಸಾಕು. ಈ ಗೊಂದಲವೇ ಬೇಡ ಅಂತ ಗನ್ ಕೈಗೆ ಸಿಗುವಂತಿದ್ದಾಗ ನಾನು ಎಲ್ಲ ಕಡೆ ಮೊದಲೇ ಹೇಳುತ್ತೇನೆ.

ಪಿಟ್ಸ್‌ಬರ್ಗ್ ತನಕ ಹೋದವರಿಗೆ ನ್ಯೂಜೆರ್ಸಿಯ ಎಡಿಸನ್‌ಗೋ ನ್ಯೂಯಾರ್ಕ್ ರಾಜ್ಯದ ನಯಾಗರಾಕ್ಕೋ ಹೋಗುವ ಆಸೆ ಬರುವುದು ಸಹಜ. ಹಾಗಿದ್ದರೆ ಪಿಸ್ತೂಲನ್ನು ಟೆಕ್ಸಸ್‌ನ ಮನೆಯಲ್ಲೇ ಬಿಟ್ಟು ಹೊರಡಿ. ನ್ಯೂಜೆರ್ಸಿ, ನ್ಯೂಯಾರ್ಕ್ ಎರಡೂ ಹೊರಗಿನ ಪರ್ಮಿಟ್ ಒಪ್ಪುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಪೆನ್ಸಿಲ್ವೇನಿಯಾದ ಪರ್ಮಿಟ್ ಇಟ್ಟುಕೊಂಡು ಪಕ್ಕದ ನ್ಯೂಜೆರ್ಸಿಗೆ ಹೋದರು. ಟ್ರಾಫಿಕ್ ಪೊಲೀಸರಿಗೆ ತಾವಾಗಿಯೇ ಗನ್ ಇದೆ ಅಂದರು. ಅರೆಸ್ಟ್ ಆಯಿತು. ಮೂರು ವರ್ಷಕ್ಕೂ ಜಾಸ್ತಿ ಜೈಲಾಗುವ ಸ್ಥಿತಿ ಬಂತು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟ ಮೇಲೆ ಅವರು ಪಾರಾದರು.

ವಿಮಾನದಲ್ಲಿ ಹೋದರೂ ಅಷ್ಟೇ. ಯೂಟಾದ ಪ್ರಯಾಣಿಕರೊಬ್ಬರು 2005ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿಸಿಕೊಂಡು, ಗನ್ ಇದ್ದ ಬ್ಯಾಗ್ ತೆಗೆದುಕೊಂಡು ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಬೆಳಿಗ್ಗೆ ಚೆಕ್-ಇನ್‌ನಲ್ಲಿ ನಿಯಮದಂತೆ ತಿಳಿಸಿದಾಗ ಅರೆಸ್ಟ್ ಆದರು. ಬ್ಯಾಗ್ ಕೈಗೆ ಬಂದ ಮೇಲೆ ಫೆಡರಲ್ ರಕ್ಷಣೆ ಇಲ್ಲ ಅಂತ ಕೋರ್ಟ್ ಹೇಳಿತು. ಟಿಕೆಟ್ ತೆಗೆಯುವಾಗ ನ್ಯೂವಾರ್ಕ್, ನ್ಯೂಯಾರ್ಕ್‌ನ ಜೆಎಫ್‌ಕೆ ಮೂಲಕ ಹೋಗುವ ಕನೆಕ್ಟಿಂಗ್ ವಿಮಾನ ಬೇಡ. ಅಲ್ಲಿ ವಿಮಾನ ತಪ್ಪಿ ಬ್ಯಾಗ್ ವಾಪಸ್ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ಮುಂದಿನ ವಿಮಾನಕ್ಕೇ ಹಾಕಿ ಅಂತ ಏರ್‌ಲೈನ್‌ನವರಿಗೆ ಹೇಳಿ.